ಪಾಠಯೋಜನೆಗೊಂದು ಪದಪಟ್ಟಿ ಬೇಕು

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ 'ಚಲನೆ' ಪಾಠ ಮಾಡಿದೆ. ಪಾಠಯೋಜನೆಯಲ್ಲಿ 'ಜವ' ಎಂದಿತ್ತು, ಚಾರ್ಟಿನಲ್ಲಿ 'ಸ್ಪೀಡ್'. ಮಾತಿನ ಭರದಲ್ಲಿ 'ವೇಗ' ಎಂದುಬಿಟ್ಟೆ. ಕಿರುಪರೀಕ್ಷೆಯಲ್ಲಿ ಕೇಳಿದೆ: 400 ಮೀಟರ್ ಸುತ್ತನ್ನು 100 ಸೆಕೆಂಡಿನಲ್ಲಿ ಓಡಿ ಹೊರಟಲ್ಲಿಗೇ ಬಂದವನ ಸರಾಸರಿ ವೇಗ ಎಷ್ಟು? ಹಲವರು ಸೆಕೆಂಡಿಗೆ 4 ಮೀಟರ್ ಎಂದು ಬರೆದರು. ಅದು ಜವ, ವೇಗ ಸೊನ್ನೆ. ಅಂಕ ಕಳೆದೆ. "ನೀವೇ ಎರಡಕ್ಕೂ ವೇಗ ಅಂದ್ರಲ್ಲ ಮಿಸ್" ಎಂದಳು ಒಬ್ಬಳು. ಅಂಕ ಮರಳಿ ಕೊಟ್ಟು, ಪಾಠವನ್ನು ಮತ್ತೆ ಮಾಡಿದೆ.

ತಂತ್ರಾಂಶದ ಕೈಪಿಡಿ ಬರೆಯುವ ತಂಡಗಳು ಪದಪಟ್ಟಿ ಇಟ್ಟುಕೊಳ್ಳುತ್ತವೆ. ನಮ್ಮ ಪಾಠಯೋಜನೆಯಲ್ಲೂ ಅದಕ್ಕೊಂದು ಅಂಕಣವಿರಲಿ: ಪಠ್ಯಪುಸ್ತಕದ ಪದ, ಅಲ್ಲಿನದೇ ಕಾಗುಣಿತ. ಮಕ್ಕಳ ಬಾಯಿಯ 'ಸ್ಪೀಡು' ಇರಲಿ. ಅದು ಜವವೆಂದು ಮೊದಲೇ ಹೇಳೋಣ. ಮಾರ್ಗದರ್ಶಕರು ಪಾಠ ವೀಕ್ಷಿಸುವಾಗ ಚಾರ್ಟು, ಕಪ್ಪುಹಲಗೆ, ಪ್ರಶ್ನೆಪತ್ರಿಕೆಗಳನ್ನು ಆ ಪಟ್ಟಿಯೊಂದಿಗೆ ತಾಳೆ ನೋಡಲಿ.