ಕೂಲಿಗೆ ಚೆಕ್‌ರೋಲ್ ಇದೆ, ಶಾಸಕರ ಮತಕ್ಕೆ?

ತಮ್ಮ ಶಾಸಕರ ಬಗ್ಗೆ ಆಲ್ದೂರಿನವರಿಗೆ ಗೊತ್ತಿಲ್ಲದ್ದು ಕಡಿಮೆ. ಯಾವ ಮದುವೆಗೆ ಬಂದರು, ಯಾವ ತಿಥಿಗೆ ತಪ್ಪಿಸಿಕೊಂಡರು, ಕಾರಿನ ಮುಂದಿನ ಸೀಟಿನಲ್ಲಿ ಯಾರನ್ನು ಕೂರಿಸಿಕೊಂಡರು, ಹೋದ ಸಲದವರಿಗೆ ಟಿಕೆಟ್ ಯಾಕೆ ತಪ್ಪಿತು, ಯಾವ ರಸ್ತೆಯ ಗುದ್ದಲಿಪೂಜೆ ಎಷ್ಟು ಸಲ ಆಯಿತು, ಎಲ್ಲದಕ್ಕೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಲೆಕ್ಕ ಸಿಗುತ್ತದೆ. ಆದರೆ ಅದೇ ಬೆಂಚಿನಲ್ಲಿ ಕೂತವರನ್ನು, ನಮ್ಮ ಶಾಸಕರು ಸದನದಲ್ಲಿ ಯಾವ ಮಸೂದೆಗೆ ಒಪ್ಪಿಗೆ ಕೊಟ್ಟರು, ಯಾವುದನ್ನು ವಿರೋಧಿಸಿ ಮತ ಹಾಕಿದರು ಎಂದು ಕೇಳಿ ನೋಡಿ. ಮುಖ ಮುಖ ನೋಡಿಕೊಳ್ಳುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಆ ಲೆಕ್ಕವನ್ನು ಎಲ್ಲೂ ಬರೆದೇ ಇಟ್ಟಿಲ್ಲ.

ನಮ್ಮ ಊರಿನದು ಮೊದಲೇ ವಿಚಿತ್ರ ಸ್ಥಿತಿ. ತಾಲೂಕು ಕಚೇರಿಗೆ ಚಿಕ್ಕಮಗಳೂರು, ವಿಧಾನಸಭೆಗೆ ಮೂಡಿಗೆರೆ ಮೀಸಲು ಕ್ಷೇತ್ರ, ಲೋಕಸಭೆಗೆ ಉಡುಪಿಯ ಜೊತೆ ಗಂಟು. 2023ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ನಯನಾ ಮೋಟಮ್ಮ ಬಿಜೆಪಿಯ ದೀಪಕ್ ದೊಡ್ಡಯ್ಯ ಅವರನ್ನು ಸೋಲಿಸಿದ್ದು 722 ಮತಗಳಿಂದ. ಒಂದು ದೊಡ್ಡ ಎಸ್ಟೇಟಿನ ಲೈನ್ ಮನೆಗಳ ಕಾರ್ಮಿಕರು ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. ನಮ್ಮ ಮತವನ್ನು ಇಷ್ಟು ಕರಾರುವಾಕ್ಕಾಗಿ ಎಣಿಸುವ ವ್ಯವಸ್ಥೆ, ನಾವು ಆರಿಸಿ ಕಳಿಸಿದವರು ಅಲ್ಲಿ ಹಾಕುವ ಮತವನ್ನು ಕಿವಿಯಲ್ಲಿ ಅಳೆಯುತ್ತದೆ. ಸಭಾಧ್ಯಕ್ಷರು ಮಸೂದೆಯನ್ನು ಮತಕ್ಕೆ ಹಾಕುತ್ತಾರೆ, ಒಂದಷ್ಟು ದನಿಗಳು ಏಳುತ್ತವೆ, ಅಂಗೀಕಾರವಾಯಿತು ಎಂದು ಸಾರುತ್ತಾರೆ. ಇದಕ್ಕೆ ಧ್ವನಿಮತ ಎಂದು ಹೆಸರು. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ, ಯಾರು ಕ್ಯಾಂಟೀನಿನಲ್ಲಿದ್ದರು, ಯಾವುದಕ್ಕೂ ದಾಖಲೆ ಇಲ್ಲ.

ಇದೇ ಊರಿನ ಯಾವ ತೋಟಕ್ಕೆ ಬೇಕಾದರೂ ಕೊಯ್ಲಿನ ಹೊತ್ತಿಗೆ ಹೋಗಿ. ಸಂಜೆ ತೂಕದ ಹತ್ತಿರ ಹೆಣ್ಣಾಳುಗಳು ಚೀಲ ಇಳಿಸಿಕೊಂಡು ಸಾಲಾಗಿ ನಿಂತಿರುತ್ತಾರೆ. ತೋಟದ ರೈಟರು ಒಬ್ಬೊಬ್ಬರ ಹೆಸರು ಕೂಗಿ, ಎಷ್ಟು ಕೆಜಿ ಹಣ್ಣು ಎಂದು ಚೆಕ್‌ರೋಲ್ ಪುಸ್ತಕದಲ್ಲಿ ಬರೆಯುತ್ತಾರೆ. ಬಾರದವರ ಹೆಸರಿನ ಮುಂದೆ ಆಬ್ಸೆಂಟು ಬೀಳುತ್ತದೆ. ಸಂಬಳ ಬಟವಾಡೆಯ ದಿನ ಜಗಳವಾದರೆ ಚೆಕ್‌ರೋಲ್ ತೆಗೆಯುತ್ತಾರೆ, ಜಗಳ ಅಲ್ಲಿಗೆ ಮುಗಿಯುತ್ತದೆ. ದಿನಗೂಲಿಯವಳಿಗೆ ಇರುವ ಈ ಶಿಸ್ತು ಶಾಸನ ಮಾಡುವವರಿಗೆ ಯಾಕಿಲ್ಲ?

ಅವರ ಸಂಬಳದ ವಿಷಯವನ್ನೇ ತೆಗೆದುಕೊಳ್ಳಿ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಆರೋಪದ ಗದ್ದಲ ಮುಗಿಲು ಮುಟ್ಟಿತ್ತು. ಬಿಜೆಪಿಯವರು ಸ್ಪೀಕರ್ ಪೀಠದತ್ತ ಕಾಗದ ಹರಿದೆಸೆದರು, 18 ಮಂದಿ ಅಮಾನತಾದರು. ಇಡೀ ರಾಜ್ಯ ಟಿವಿಯಲ್ಲಿ ಅದನ್ನೇ ನೋಡಿತು. ಅದೇ ಗದ್ದಲದ ನಡುವೆ ಶಾಸಕರ ಮೂಲ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾದವು. 2022ರ ಫೆಬ್ರವರಿಯಲ್ಲೂ ಹೀಗೇ ಆಗಿತ್ತು. ಆಗ ಗದ್ದಲ ಮಾಡಿದವರು ಕಾಂಗ್ರೆಸ್ಸಿನವರು, ಮಸೂದೆ ತಂದವರು ಬಿಜೆಪಿಯವರು, ಪಾಸಾಗಿದ್ದು ಗದ್ದಲದಲ್ಲೇ. ಖರ್ಚು ಹೆಚ್ಚಿದೆ, ಶಾಸಕರ ಮನೆಗೆ ದಿನಾ ನೂರು ಜನ ಬರುತ್ತಾರೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನ್ಯಾಯವಾದ ಏರಿಕೆಯೇ ಆಗಿದ್ದರೆ ಎದ್ದು ನಿಂತು, ಹೆಸರು ಹೇಳಿ, ನನಗೆ ಬೇಕು ಎನ್ನಲು ಏನು ಅಡ್ಡಿ?

ಸಂಬಳದ ಮಾತು ಬಿಡಿ, ಅದು ಸಣ್ಣದು. ನಮ್ಮ ಹೋಬಳಿಯ ನೆಲವನ್ನೇ ಮುಟ್ಟುವ ಕಾಯ್ದೆಯೊಂದಿದೆ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ ಅದನ್ನು 30 ವರ್ಷಕ್ಕೆ, 25 ಎಕರೆವರೆಗೆ ಗುತ್ತಿಗೆ ಕೊಡಲು ಭೂಕಂದಾಯ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ. ಆಗ ಆರ್. ಅಶೋಕ್ ಕಂದಾಯ ಸಚಿವರು. 2005ಕ್ಕಿಂತ ಮೊದಲಿನಿಂದ ಸಾಗುವಳಿ ಇರಬೇಕು ಎಂಬುದು ಷರತ್ತು. ಅಜ್ಜನ ಕಾಲದಿಂದ ಎರಡು ಮೂರು ಎಕರೆ ಮಾಡಿಕೊಂಡು ಬಂದ ಸಣ್ಣ ಬೆಳೆಗಾರನಿಗೆ ಇದು ನೆಮ್ಮದಿಯ ಉಸಿರು ಬಿಡುವ ವಿಷಯ ಎಂಬುದು ನಿಜ. ಅವನನ್ನು ಒಕ್ಕಲೆಬ್ಬಿಸಿ ಎಂದು ಯಾರೂ ಕೇಳುತ್ತಿಲ್ಲ. ಆದರೆ 25 ಎಕರೆ ಎಂಬ ಅಂಕಿ ಯಾರಿಗಾಗಿ ಬಂತು? ಲೈನ್ ಮನೆಯಲ್ಲಿ ಹುಟ್ಟಿ, ಲೈನ್ ಮನೆಯಲ್ಲೇ ಮುದುಕರಾಗಿ, ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕಾದವರು ಈ ಗುಡ್ಡಗಳಲ್ಲಿ ಸಾವಿರಾರು ಮಂದಿ. ಅವರು ಕೇಳುತ್ತಿರುವುದು ಒಂದು ನಿವೇಶನ, ಸತ್ತರೆ ಹೂಳಲು ಜಾಗ. ಸಾಗುವಳಿ ಸಕ್ರಮಕ್ಕೆ ಫಾರಂ 57 ತುಂಬಿ ಬಗರ್‌ಹುಕುಂ ಸಮಿತಿಯ ಬಾಗಿಲಲ್ಲಿ ಚಪ್ಪಲಿ ಸವೆಸಿದವರಿಗೆ ಸಿಗುವ ಉತ್ತರ, ಅದು ಡೀಮ್ಡ್ ಅರಣ್ಯ, ಅದು ಅರಣ್ಯ ಕಾಯ್ದೆಯ ಸೆಕ್ಷನ್ 4 ಜಾಗ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಕೂಡ ಕಾಫಿ ತೋಟಗಳನ್ನು ಮಿತಿಯ ಹೊರಗೇ ಇಟ್ಟಿತ್ತು. ಬಯಲಿನಲ್ಲಿ ಗೇಣಿದಾರ ಒಡೆಯನಾದ, ಇಲ್ಲಿನ ಕೂಲಿಯವನು ಕೂಲಿಯವನಾಗಿಯೇ ಉಳಿದ.

ಹೀಗಿರುವಾಗ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರದ ಶಾಸಕರು ಇಂಥ ಕಾಯ್ದೆ ಮುಂದೆ ಬಂದಾಗ ಏನೆಂದರು ಎಂದು ತಿಳಿಯುವ ಹಕ್ಕು ಇಲ್ಲಿನ ಮತದಾರನಿಗಿಲ್ಲವೇ? ಬೆಳೆಗಾರರ ಸಭೆಯಲ್ಲಿ ಗುತ್ತಿಗೆಯ ಪರ, ಕಾರ್ಮಿಕರ ಸಭೆಯಲ್ಲಿ ನಿವೇಶನದ ಪರ ಮಾತಾಡಿ ಎರಡೂ ಕಡೆ ಹಾರ ಹಾಕಿಸಿಕೊಳ್ಳಲು ಧ್ವನಿಮತದಷ್ಟು ಅನುಕೂಲ ಬೇರೊಂದಿಲ್ಲ. ಯಾವ ಪಕ್ಷದವರಿಗಾದರೂ ಇದು ಅನ್ವಯ.

ಗುತ್ತಿಗೆಯ ತಿದ್ದುಪಡಿ ಬಂದಾಗ ಇಲ್ಲಿ ಶಾಸಕರಾಗಿದ್ದವರು ಬಿಜೆಪಿಯ ಎಂ.ಪಿ. ಕುಮಾರಸ್ವಾಮಿ. 2021ರಲ್ಲಿ ಅತಿವೃಷ್ಟಿ ಪರಿಹಾರದಲ್ಲಿ ತಮ್ಮ ಕ್ಷೇತ್ರಕ್ಕೆ ಅನ್ಯಾಯವಾಗಿದೆಯೆಂದು ತಮ್ಮದೇ ಸರ್ಕಾರದ ವಿರುದ್ಧ ವಿಧಾನಸೌಧದ ಗಾಂಧಿ ಪ್ರತಿಮೆಯ ಎದುರು ಧರಣಿ ಕೂತವರು ಅವರು. ಅದಕ್ಕೆ ಎದೆಗಾರಿಕೆ ಬೇಕು, ಒಪ್ಪೋಣ. 2022ರ ನವೆಂಬರಿನಲ್ಲಿ ಕ್ಷೇತ್ರದ ಹುಲ್ಲೇಮನೆಯಲ್ಲಿ ಆನೆ ಮಹಿಳೆಯೊಬ್ಬರನ್ನು ಕೊಂದಾಗ ಊರಿಗೆ ಹೋದ ಅವರ ಮೇಲೆ ಉದ್ರಿಕ್ತ ಜನ ಮುಗಿಬಿದ್ದು ಅಂಗಿ ಹರಿದರು. ಕೈ ಮಾಡಿದ್ದು ತಪ್ಪು. ಆ ಹರಿದ ಅಂಗಿಯ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಆದರೆ ಆನೆ ಹಿಡಿಯುವುದು, ಬಿಡುವುದು, ಸ್ಥಳಾಂತರಿಸುವುದು ಎಲ್ಲವೂ ನಿಂತಿರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇಲೆ, ಅದು ಸಂಸತ್ತಿನದು. ಹುಲ್ಲೇಮನೆಯ ಘಟನೆ ನಡೆದು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 8ರಂದು, ಅದೇ ಕಾಯ್ದೆಯ ತಿದ್ದುಪಡಿ ರಾಜ್ಯಸಭೆಯಲ್ಲಿ ಧ್ವನಿಮತದಿಂದ ಪಾಸಾಯಿತು. ಮಲೆನಾಡಿನಲ್ಲಿ ಅದರ ಬಗ್ಗೆ ಒಂದು ಸಭೆಯೂ ಆದಂತಿಲ್ಲ. ಯಾರ ಮತ ಎಲ್ಲಿ ಬಿತ್ತು ಎಂದು ಗೊತ್ತಿಲ್ಲದ ಜನ ಕೈಗೆ ಸಿಕ್ಕವರ ಕಾಲರ್ ಹಿಡಿಯುತ್ತಾರೆ.

ಹಾಗೆಂದು ಸದನಕ್ಕೆ ಎಣಿಸಲು ಬರುವುದಿಲ್ಲ ಎಂದುಕೊಳ್ಳಬೇಡಿ. ಕುರ್ಚಿಯ ಪ್ರಶ್ನೆ ಬಂದರೆ ತಲೆ ತಲೆ ಎಣಿಸುತ್ತಾರೆ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿದ್ದದ್ದು ಮಕ್ಕಳಿಗೂ ನೆನಪಿದೆ. ಆ 105ರಲ್ಲಿ ನಮ್ಮ ಎಂ.ಪಿ. ಕುಮಾರಸ್ವಾಮಿಯೂ ಇದ್ದರು. ರಾಜ್ಯಸಭಾ ಚುನಾವಣೆಯಲ್ಲಂತೂ 2003ರಿಂದ ಮುಕ್ತ ಮತದಾನ, ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2024ರಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದ್ದು ಸಂಜೆಯೊಳಗೆ ರಾಜ್ಯಕ್ಕೆಲ್ಲ ಗೊತ್ತಾಯಿತು. ಅಂದರೆ ಪಕ್ಷಕ್ಕೆ ತನ್ನ ಶಾಸಕರ ಮತದ ಲೆಕ್ಕ ಬೇಕೇ ಬೇಕು. ಮತದಾರನಿಗೆ ಯಾಕೆ ಅನ್ನುವುದು ಅವರ ಎಣಿಕೆ.

ಕಿವಿಯಲ್ಲಿ ಅಳೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯವರೇ ಸಾಕ್ಷಿ. 2021ರ ಫೆಬ್ರವರಿಯಲ್ಲಿ ಗೋಹತ್ಯೆ ನಿಷೇಧ ಮಸೂದೆ ವಿಧಾನ ಪರಿಷತ್ತಿಗೆ ಬಂದಾಗ ಪೀಠದಲ್ಲಿದ್ದವರು ಮೂಡಿಗೆರೆಯ ಎಂ.ಕೆ. ಪ್ರಾಣೇಶ್, ಉಪಸಭಾಪತಿ. ಮೇಲ್ಮನೆಯಲ್ಲಿ ಬಿಜೆಪಿಗೆ ಸ್ವಂತ ಬಹುಮತ ಇರಲಿಲ್ಲ. ವಿರೋಧ ಪಕ್ಷದವರು ಸದನದ ಬಾವಿಗಿಳಿದು ಕೂಗುತ್ತಿರುವಾಗಲೇ ಮಸೂದೆ ಧ್ವನಿಮತದಿಂದ ಪಾಸಾಯಿತೆಂದು ಘೋಷಣೆಯಾಯಿತು. ಆ ಕಾಯ್ದೆಯ ಪರ ಇರುವವರು ಸಹ ಒಂದು ಮಾತು ಯೋಚಿಸಬೇಕು: ನಾಳೆ ಬೇರೆಯವರು ಪೀಠದಲ್ಲಿ ಕೂತು ನಿಮಗಾಗದ ಮಸೂದೆಯನ್ನು ಹೀಗೇ ದಾಟಿಸಿದರೆ ಯಾವ ಬಾಯಲ್ಲಿ ಪ್ರಶ್ನಿಸುತ್ತೀರಿ?

ಇದಕ್ಕೆ ಬರುವ ಉತ್ತರ ಗೊತ್ತಿರುವುದೇ. ವಿಪ್ ಇರುವಾಗ ಶಾಸಕರು ಪಕ್ಷ ಹೇಳಿದಂತೆ ಮತ ಹಾಕುತ್ತಾರೆ, ಹೆಸರು ಬರೆದು ಏನು ಸಾಧಿಸಿದಂತಾಯಿತು ಎನ್ನುತ್ತಾರೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಶಾಸಕರ ನಾಲಿಗೆಗೆ ಬೀಗ ಹಾಕಿದ್ದು ನಿಜ. ವಿಶ್ವಾಸಮತದಂಥ ಸಂದರ್ಭಕ್ಕೆ ಮಾತ್ರ ಅನರ್ಹತೆ ಇರಲಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು, ಯಾವ ಸರ್ಕಾರವೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಆದರೂ ಪಕ್ಷದ ಆಜ್ಞೆಗೆ ತಲೆಬಾಗಿದ್ದು ಕೂಡ ದಾಖಲಾಗಲಿ ಎಂಬುದೇ ನನ್ನ ವಾದ. ಬೆಂಗಳೂರಿನಲ್ಲಿ ತಲೆಬಾಗಿ ಆಲ್ದೂರಿನಲ್ಲಿ ತಲೆಯೆತ್ತಿ ಮಾತಾಡುವುದು ಆಗ ಅಷ್ಟು ಸುಲಭವಾಗದು. ಗೈರುಹಾಜರಿ ಕೂಡ ಹೆಸರಿನ ಮುಂದೆ ಕೂರುತ್ತದೆ. ಬ್ರಿಟನ್ನಿನ ಕೆಳಮನೆ ಯಾರು ಯಾವ ಕಡೆ ಮತ ಹಾಕಿದರೆಂಬ ಪಟ್ಟಿಯನ್ನು 1836ರಿಂದ ಪ್ರಕಟಿಸುತ್ತಿದೆ. ಅಲ್ಲೂ ವಿಪ್ ಇದೆ.

ಶಾಸಕರ ಬದುಕನ್ನು ಅಳೆಯಲು ಬೇರೆ ಮಾನದಂಡವೇ ಇಲ್ಲವೆಂದಲ್ಲ. ನಯನಾ ಅವರ ತಾಯಿ ಮೋಟಮ್ಮ ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವರಾಗಿದ್ದಾಗ ಬಂದ ಸ್ತ್ರೀಶಕ್ತಿ ಸಂಘಗಳು ಇಂದಿಗೂ ಲೈನ್ ಮನೆಗಳಲ್ಲಿ ವಾರದ ಉಳಿತಾಯ ಕಟ್ಟಿಸಿಕೊಳ್ಳುತ್ತಿವೆ. ಪಕ್ಕದ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ನಾಲ್ಕೂ ಸದನಗಳಲ್ಲಿ ಕೂತು ಬಂದವರು, ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಅಷ್ಟೆಲ್ಲ ಇದ್ದೂ ಜನ ಅವರನ್ನು ನೆನೆಯುವುದು 1978ರಲ್ಲಿ ಇಂದಿರಾ ಗಾಂಧಿಗೆ ಚಿಕ್ಕಮಗಳೂರಿನ ಲೋಕಸಭಾ ಸೀಟು ಬಿಟ್ಟುಕೊಟ್ಟದ್ದಕ್ಕೆ. ಅಷ್ಟು ವರ್ಷ ಸದನಗಳಲ್ಲಿ ಕೂತವರ ನೆನಪಿಗೆ ಒಂದು ರಾಜೀನಾಮೆ! ಅವರು ಯಾವ ಕಾನೂನಿಗೆ ಕೈ ಎತ್ತಿದ್ದರು ಎಂದು ಹೇಳಬಲ್ಲವರು ಜಿಲ್ಲೆಯಲ್ಲಿ ಎಷ್ಟು ಮಂದಿ ಸಿಕ್ಕಾರು?

ಇದನ್ನು ಸರಿಪಡಿಸಲು ಸಂವಿಧಾನ ತಿದ್ದಬೇಕಿಲ್ಲ, ದಿಲ್ಲಿಗೆ ಹೋಗಬೇಕಿಲ್ಲ. ಸದನದ ನಿಯಮ ಸದನದ ಕೈಯಲ್ಲೇ ಇದೆ. ಪ್ರತಿ ಮಸೂದೆಯ ಅಂತಿಮ ಮತವನ್ನು ಹೆಸರು ಸಮೇತ ದಾಖಲಿಸಿ, ಅದೇ ಸಂಜೆ ಪ್ರಕಟಿಸಿ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಅಲ್ಲಿಯವರೆಗೂ ದಾರಿ ಮುಚ್ಚಿಲ್ಲ. ಧ್ವನಿಮತವನ್ನು ಒಪ್ಪದ ಸದಸ್ಯರು ಎದ್ದು ಮತ ವಿಭಜನೆ ಕೇಳಬಹುದು. ನಯನಾ ಮೋಟಮ್ಮ ಮುಂದಿನ ಅಧಿವೇಶನದಲ್ಲಿ, ತಮ್ಮದೇ ಪಕ್ಷದ ಮಸೂದೆಯಾದರೂ ಸರಿ, ಒಮ್ಮೆ ಹಾಗೆ ಕೇಳಲಿ. ಸ್ಪೀಕರ್ ನಿರಾಕರಿಸಿದರೆ ನಿರಾಕರಿಸಿದ್ದು ಕಲಾಪದ ವರದಿಯಲ್ಲಿ ಅಚ್ಚಾಗುತ್ತದೆ. ಇನ್ನು ಬೆಳೆಗಾರರ ಸಂಘಗಳು, ದಲಿತ ಸಂಘಟನೆಗಳು, ಕಾರ್ಮಿಕ ಸಂಘಗಳು ಮನವಿಪತ್ರ ಹಿಡಿದು ಶಾಸಕರ ಮುಂದೆ ನಿಲ್ಲುವಾಗ ರಸ್ತೆ, ಸಮುದಾಯ ಭವನಗಳ ಪಟ್ಟಿಯ ಮೇಲೆ ಇದನ್ನು ಮೊದಲ ಬೇಡಿಕೆಯಾಗಿ ಬರೆಯಲಿ. ಗುತ್ತಿಗೆ ಬೇಕೆನ್ನುವವರೂ ನಿವೇಶನ ಬೇಕೆನ್ನುವವರೂ ಒಟ್ಟಿಗೆ ಸಹಿ ಹಾಕಬಹುದಾದ ಬೇಡಿಕೆ ಈ ಗುಡ್ಡಗಳಲ್ಲಿ ಸದ್ಯಕ್ಕೆ ಇದೊಂದೇ.