ಗಿರಣಿ ಹೋಗಿ ನಿವೇಶನ ಬಂತು, ಕಾಯಕ ಎಲ್ಲಿ?



ದಾವಣಗೆರೆಗೆ ಕೈಗಾರಿಕೆ ತರುತ್ತೇವೆಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳುತ್ತಿದ್ದೇವೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿದು. ಯಂತ್ರಗಳು ಹಳತಾದವು, ಪವರ್‌ಲೂಮಿನ ಪೈಪೋಟಿ ಹೆಚ್ಚಿತು, ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸುತ್ತಲಿನ ಹೊಲಗಳಲ್ಲಿ ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂತು. ನೆರೆಯ ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಇಂದು ಗಿರಣಿಯ ಹೆಸರು ಬಡಾವಣೆಯ ಹೆಸರಾಗಿ ಉಳಿದಿದೆ.

ನಮಗೇನು ಕೊರತೆ? ಪುಣೆ–ಬೆಂಗಳೂರು ಹೆದ್ದಾರಿ ಇದೆ, ರೈಲಿದೆ, ತುಂಗಭದ್ರೆಯ ನೀರಿದೆ. 1951ರಿಂದಲೇ ಇಂಜಿನಿಯರಿಂಗ್ ಕಾಲೇಜಿದೆ. 2016ರಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ನಮ್ಮ ಊರಿತ್ತು. ಆದರೂ ಓದಿದ ಹುಡುಗರು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಾರೆ.

ಸೇವೆಯಲ್ಲಿದ್ದಾಗ ಒಂದು ಕೈಗಾರಿಕಾ ವಸಾಹತಿಗೆ ರಸ್ತೆ, ಚರಂಡಿ, ನೀರಿನ ಕೊಳವೆ ಹಾಕಿಸಿದ್ದೆ. ಹತ್ತು ವರ್ಷದ ನಂತರ ಹೋಗಿ ನೋಡಿದರೆ ಅರ್ಧ ಪ್ಲಾಟುಗಳಲ್ಲಿ ಜಾಲಿ ಬೆಳೆದಿತ್ತು. ಪಡೆದವರು ಬೆಲೆ ಏರಲೆಂದು ಕಾಯುತ್ತಿದ್ದರು. ಅಳತೆ ಪುಸ್ತಕದಲ್ಲಿ ಕಾಮಗಾರಿ ಪೂರ್ಣ, ಆ ಪ್ಲಾಟುಗಳಲ್ಲಿ ಒಬ್ಬನಿಗೂ ಕೆಲಸವಿಲ್ಲ. ಭೂಮಿಯನ್ನು ಸುಮ್ಮನೆ ಇಟ್ಟುಕೊಂಡರೇ ಲಾಭವಾಗುವ ಊರಿನಲ್ಲಿ ಲೇತ್ ಹಾಕಿ ಕೈ ಮಸಿ ಮಾಡಿಕೊಳ್ಳುವವರು ಯಾರು? ಹೊರಗಿನ ಉದ್ಯಮಿಯೂ ಜಮೀನಿನ ಬೆಲೆ ಕೇಳಿಯೇ ಹಿಂದಿರುಗುತ್ತಾನೆ.

ನಾನೂ ಇದಕ್ಕೆ ಹೊರತಲ್ಲ. ನಿವೃತ್ತಿಯ ಹಣದಲ್ಲಿ ನಾನು ಕೊಂಡದ್ದೂ ಬೈಪಾಸ್ ಬಳಿಯ ನಿವೇಶನವನ್ನೇ. ತಂಗಿಯ ಮಗ ಐ.ಟಿ.ಐ. ಸೇರುತ್ತೇನೆಂದಾಗ ‘ಅದೇಕಪ್ಪಾ’ ಎಂದವನೂ ನಾನೇ.

ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ ಎಂದು ಶರಣರನ್ನು ಅವರ ಕಸುಬಿನಿಂದಲೇ ಗುರುತಿಸುವ ಪರಂಪರೆ ನಮ್ಮದು. ಹಗ್ಗ ಹೊಸೆಯುವವರಿಗೂ ಬುಟ್ಟಿ ಹೆಣೆಯುವವರಿಗೂ ಅನುಭವ ಮಂಟಪದಲ್ಲಿ ಸಮಾನ ಆಸನವಿತ್ತು. ಇಂದು ಅವರ ಹೆಸರಿನಲ್ಲಿ ಜಯಂತಿ ಮಾಡುತ್ತೇವೆ, ಆದರೆ ಫಿಟ್ಟರ್, ವೆಲ್ಡರ್ ಎಂದರೆ ಹೆಣ್ಣು ಕೊಡಲು ಹಿಂಜರಿಯುತ್ತೇವೆ. ಈ ಹಿಂಜರಿಕೆ ಇರುವ ತನಕ ಯಾವ ಸರ್ಕಾರ ಯಾವ ರಿಯಾಯಿತಿ ಕೊಟ್ಟರೂ ಊರು ಬೆಳೆಯದು.

ಪೂಜ್ಯರಲ್ಲಿ, ಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಕಲ್ಯಾಣ ಮಂಟಪಕ್ಕೆ ಕೂಡಿಸುವ ಹಣದಲ್ಲಿ ಒಮ್ಮೆ ಒಂದು ಕಾರ್ಯಾಗಾರ ಕಟ್ಟೋಣ. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಯಂತ್ರದ ಕೆಲಸ ಕಲಿಯಲಿ. ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿಯುವವರಿಗೆ ಒಳ್ಳೆಯ ಒಲೆ ರೂಪಿಸುವುದು ನಮ್ಮ ಕಾಲೇಜುಗಳ ಪ್ರಾಜೆಕ್ಟ್ ಆಗಲಿ. ಕಾಳಾಗಿಯೇ ಲಾರಿ ಏರುವ ಮೆಕ್ಕೆಜೋಳಕ್ಕೆ ಇಲ್ಲೇ ಬೆಲೆ ಕೂಡುವ ಸಣ್ಣ ಘಟಕಗಳಿಗೆ ನಮ್ಮ ಸಹಕಾರಿ ಬ್ಯಾಂಕುಗಳು ಸಾಲ ಕೊಡಲಿ. ಖಾಲಿ ಪ್ಲಾಟು ಹಿಡಿದು ಕುಳಿತ ಭಕ್ತರಿಗೆ, ನನ್ನಂಥವರನ್ನೂ ಸೇರಿಸಿ, ಸ್ವಾಮೀಜಿಯವರು ವೇದಿಕೆಯಿಂದಲೇ ಹೇಳಲಿ: ಕಾಯಕ ಮಾಡಿ, ಇಲ್ಲವೇ ಮಾಡುವವರಿಗೆ ಬಿಟ್ಟುಕೊಡಿ.

ಹೂಡಿಕೆದಾರ ಹೊರಗಿನಿಂದ ಬರಲಿ, ಸಂತೋಷ. ಆದರೆ ದುಡಿಮೆಯ ಗೌರವವನ್ನು ಅವನು ತಂದುಕೊಡಲಾರ. ಅದು ನಮ್ಮ ಮನೆಯಿಂದಲೇ ಹೊರಡಬೇಕು.