ಸಿತಾರ್ ಅಂದ್ರೆ ಒಗ್ಗರಣೆ ಅಲ್ರೀ!

ಗೆಳೆಯರೊಬ್ಬರ ರಾಕ್ ಬ್ಯಾಂಡಿಗೆ ಸಿತಾರ್ ನುಡಿಸೋರು ಬೇಕಂತೆ. ಹಗಲೆಲ್ಲ ನನ್ನ ಹಾಗೇ ಕೋಡ್ ಬರೆದು ರಾತ್ರಿ ಗಿಟಾರ್ ಹಿಡಿಯೋ ಪೈಕಿ. ಎಷ್ಟು ಹೊತ್ತು ನುಡಿಸಬೇಕು ಅಂತ ಕೇಳಿದೆ. "ಶುರುವಿಗೆ ಮೂವತ್ತು ಸೆಕೆಂಡು, ಆಮೇಲೆ ಡ್ರಮ್ಸ್ ಬರತ್ತೆ. ಒಂದು ಇಂಡಿಯನ್ ಟಚ್ ಇರಲಿ ಅಂತ..." ಅಂದರು. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನ ಎರಡು ಚೂರು ಐಸ್‌ಕ್ರೀಮ್ ಮೇಲಿಟ್ಟು, ಇದು ಕಲಬುರಗಿ ಊಟ ಅಂದಂಗಾಯ್ತು!

ರಾಕ್‌ನಲ್ಲಿ ಸಿತಾರ್ ಬರಬಾರದು ಅಂತ ನನ್ನದೇನೂ ಮಡಿವಂತಿಕೆ ಇಲ್ಲ. ಕರೆದು ತಂದು ಹೊಸ್ತಿಲಲ್ಲೇ ನಿಲ್ಲಿಸ್ತಾರಲ್ಲ, ಅದಕ್ಕೆ ನನ್ನ ತಕರಾರು. ಇದು ಇವತ್ತಿನ ಚಾಳಿಯೂ ಅಲ್ಲ. 1965ರ ಅಕ್ಟೋಬರಿನಲ್ಲಿ ಬೀಟಲ್ಸ್‌ನವರು 'ನಾರ್ವೇಜಿಯನ್ ವುಡ್' ರೆಕಾರ್ಡ್ ಮಾಡಿದಾಗ ಜಾರ್ಜ್ ಹ್ಯಾರಿಸನ್ ಸಿತಾರ್ ಹಿಡಿದು ಕೂತ. ಹಾಡಿನ ಧಾಟಿಯನ್ನೇ ತಂತಿ ಮೇಲೆ ಮೀಟಿದ, ಅಷ್ಟೇ. ಮರುವರ್ಷ ರೋಲಿಂಗ್ ಸ್ಟೋನ್ಸ್‌ನ ಬ್ರಯನ್ ಜೋನ್ಸ್ 'ಪೇಂಟ್ ಇಟ್ ಬ್ಲ್ಯಾಕ್'ನಲ್ಲಿ ನುಡಿಸಿದ. 1967ರ ಹೊತ್ತಿಗೆ ಸಿತಾರಿನ ಹಾಗೆ ಝೇಂಕರಿಸೋ ಎಲೆಕ್ಟ್ರಿಕ್ ಗಿಟಾರೇ ಅಮೆರಿಕದಲ್ಲಿ ತಯಾರಾಯ್ತು. ಕಲಿಯೋ ಗೋಜೇ ಇಲ್ಲ ನೋಡಿ! 1971ರ ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ಬಾಂಗ್ಲಾದೇಶದ ನೆರವಿಗೆ ನಡೆದ ಕಛೇರಿಯಲ್ಲಿ ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ಶ್ರುತಿ ಸೇರಿಸೋದು ಮುಗಿಸಿದ್ದಕ್ಕೇ ಜನ ಚಪ್ಪಾಳೆ ತಟ್ಟಿದರು. ಪಾಪ, ಅದೇ ಸಂಗೀತ ಅಂದ್ಕೊಂಡಿದ್ರು.

ಇಂಜಿನಿಯರ್ ಬುದ್ಧಿ ಬಿಡಲ್ಲ, ಸ್ವಲ್ಪ ಒಳಗೆ ಇಣುಕೋಣ. ಸಿತಾರಿನ ಝೇಂಕಾರ ಹುಟ್ಟೋದು ಕುದುರೆಯ ಮೇಲೆ. ಅದರ ಅಗಲವಾದ ಮೈಯನ್ನು ಕೂದಲೆಳೆಯಷ್ಟು ಇಳಿಜಾರಾಗಿ ಉಜ್ಜಿರುತ್ತಾರೆ, ತಂತಿ ಅದಕ್ಕೆ ತಾಗಿ ತಾಗಿ ಮಿಡಿಯುತ್ತೆ. ಇದಕ್ಕೆ ಜವಾರಿ ಅಂತ ಹೆಸರು (ನಮ್ ಕಡೆಯ ಜವಾರಿ ಕೋಳಿಗೂ ಇದಕ್ಕೂ ಸಂಬಂಧ ಇಲ್ಲ :) ). ಕೆಳಗೆ ಹತ್ತು ಹದಿಮೂರು ತರಬ್ ತಂತಿಗಳು. ಅವನ್ನು ನುಡಿಸುವ ರಾಗದ ಸ್ವರಗಳಿಗೇ ಹೊಂದಿಸಿರ್ತಾರೆ, ಮೇಲಿನ ತಂತಿ ಆ ಸ್ವರ ನುಡಿದಾಗ ತಾವಾಗೇ ಮಿಡಿಯುತ್ತವೆ. ಈಗ ಗಿಟಾರಿನವನು ಎರಡು ಸಾಲಿಗೊಮ್ಮೆ ಕಾರ್ಡ್ ಬದಲಿಸಿದ ಅನ್ಕೊಳ್ಳಿ. ತರಬ್ ಯಾರ ಜೊತೆ ಮಿಡಿಯಬೇಕು? ಮೇಲಿಂದ ಡ್ರಮ್ಸಿನ ಗದ್ದಲ. ಮೈಕ್ ಜೋರು ಮಾಡಿದರೆ ಬುರುಡೆ ಸ್ಪೀಕರಿನ ಸದ್ದನ್ನೇ ಹಿಡಿದು ಕೀಂ ಅನ್ನುತ್ತೆ. ಕೊನೆಗೆ ಉಳಿಯೋದು ಆ ಮೂವತ್ತು ಸೆಕೆಂಡೇ.

ಅಸಲಿ ಸಂಪತ್ತು ಮೀಂಡ್. ಒಂದೇ ಫ್ರೆಟ್ಟಿನ ಮೇಲೆ ತಂತಿ ಎಳೆದು ನಾಲ್ಕೈದು ಸ್ವರ ಜಾರಿ ಹೋಗಬಹುದು. ಹ್ಯಾರಿಸನ್‌ಗೆ ಇದು ಅರ್ಥ ಆಯ್ತು ಅಂತ ನನ್ನ ಅನಿಸಿಕೆ. 1966ರಲ್ಲಿ ಭಾರತಕ್ಕೆ ಬಂದು ರವಿಶಂಕರ್ ಹತ್ತಿರ ಕಲಿತ. 1967ರ 'ವಿದಿನ್ ಯು ವಿದೌಟ್ ಯು'ನಲ್ಲಿ ಬೀಟಲ್ಸ್‌ನ ಉಳಿದ ಮೂವರು ವಾದ್ಯ ಮುಟ್ಟಲೇ ಇಲ್ಲ. ಆಮೇಲೆ ಸಿತಾರ್ ಬಿಟ್ಟು ಗಿಟಾರಿಗೇ ಮರಳಿದ. ಆದರೆ 1970ರ 'ಮೈ ಸ್ವೀಟ್ ಲಾರ್ಡ್'ನಲ್ಲಿ ಅವನ ಸ್ಲೈಡ್ ಗಿಟಾರ್ ಕೇಳಿ. ಸಿತಾರ್ ಇಲ್ಲ, ಆದ್ರೆ ಮೀಂಡ್ ಇದೆ! ರಾಕ್ ಸಿತಾರಿನಿಂದ ನಿಜವಾಗಿ ಕಲಿತದ್ದು ಅಲ್ಲಿ, ಸಿತಾರನ್ನು ಕೆಳಗಿಟ್ಟ ಮೇಲೆ. ಈಚೆಗೆ ಋಷಭ್ ಸೀನ್ 'ಸಿತಾರ್ ಮೆಟಲ್' ಅಂತ ಬ್ಯಾಂಡ್ ಕಟ್ಟಿ ಸಿತಾರನ್ನೇ ಮುಂದೆ ನಿಲ್ಲಿಸಿದ್ದಾರೆ. ಕಿವಿಗೆ ಸ್ವಲ್ಪ ಜಾಸ್ತಿಯೇ ಆಯ್ತು, ಆದರೂ ಆ ಧೈರ್ಯ ನನಗಿಷ್ಟ.

ಸಿತಾರ್ ಬದಲಾಗಬಾರದ ವಾದ್ಯವೇನಲ್ಲ. ಧಾರವಾಡದಲ್ಲಿ ನೆಲೆಸಿದ್ದ ರಹಿಮತ್ ಖಾನರು ಖರ್ಜದ ತಂತಿಗಳನ್ನು ಸೇರಿಸಿ ಅದರ ಹರವನ್ನೇ ಹಿಗ್ಗಿಸಿದರು. ಮೊಮ್ಮಗ ಬಾಲೇ ಖಾನ್ (1942-2007) ಅದನ್ನೇ ಊರೂರಿಗೆ ಕೊಂಡೊಯ್ದರು. ಸಿತಾರ್ ತಯಾರಾಗೋ ಮಿರಜ್ ಕೂಡ ದೂರವಿಲ್ಲ, ಅದರ ಬುರುಡೆಗೆ ಬೇಕಾದ ಸೋರೆ ಬೆಳೆಯೋದು ಪಂಢರಪುರದ ಸುತ್ತ, ನಮ್ಮ ಜಿಲ್ಲೆಗೆ ಹರಿದು ಬರೋ ಅದೇ ಭೀಮೆಯ ದಂಡೆಯಲ್ಲಿ. ಮಿರಜ್ ಸಿತಾರಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಮಾನ್ಯತೆ ಸರಿ, ನುಡಿಸೋರಿಗೆ ಕೆಲಸ?

ಮೂವತ್ತು ಸೆಕೆಂಡಿಗೆ ಒಪ್ಪಿಕೊಳ್ಳೋ ಹುಡುಗರನ್ನು ನಾನು ಬೈಯಲ್ಲ, ಮನೆ ನಡೀಬೇಕಲ್ವಾ. ಹೇಳೋದು ಬ್ಯಾಂಡಿನವರಿಗೆ. ರಹಿಮತ್ ಖಾನರ ಮನೆತನದವರು ಧಾರವಾಡದಲ್ಲಿ ಈಗಲೂ ನುಡಿಸ್ತಾರೆ, ಕಲಿಸ್ತಾರೆ. ಅಂಥವರನ್ನು ಕರೆಯೋದಾದರೆ ಹಾಡು ಕಟ್ಟೋ ಮೊದಲ ದಿನವೇ ಕರೀರಿ. ಷಡ್ಜ ಎಲ್ಲಿಡಬೇಕು, ಯಾವ ಕಾರ್ಡ್ ಬಿಡಬೇಕು, ಡ್ರಮ್ಸ್ ಎಲ್ಲಿ ಸುಮ್ಮನಿರಬೇಕು ಅಂತ ಅವರೂ ಹೇಳಲಿ. ಪೋಸ್ಟರಿನಲ್ಲಿ ಹೆಸರು, ಗಿಟಾರಿನವನಷ್ಟೇ ಸಂಭಾವನೆ, ಎರಡೂ ಇರಲಿ.